ಎರಡು ಮನೆಗೂ ಇರುವ ಒಂದೇ ದಾರಿಯಲ್ಲಿ ಪಕ್ಕದವರು ಕಾರು ನಿಲ್ಲಿಸಿದರೆ ಏನು ಮಾಡಬೇಕು?

ಎರಡು ಮನೆಗೂ ಹತ್ತು ಅಡಿಯ ಒಂದೇ ದಾರಿ, ಪಕ್ಕದವರು ಅದರಲ್ಲೇ ಕಾರು ನಿಲ್ಲಿಸುತ್ತಾರೆ, ಕೇಳಿದರೆ ‘ಜಾಗ ನಮ್ದು, ಗೇಟ್ ಹಾಕಿಸ್ತೀವಿ’ ಅನ್ನುತ್ತಾರೆ ಎಂದು ಬರೆದಿದ್ದೀರಿ. ಇನ್ನೊಮ್ಮೆ ಮಾತಿಗೆ ಹೋಗುವ ಮುಂಚೆ ಕ್ರಯಪತ್ರದ ಷೆಡ್ಯೂಲ್, ಅಂದರೆ ಸ್ವತ್ತಿನ ವಿವರ ಇರುವ ಭಾಗ, ಓದಿ. ನಿಮ್ಮದಷ್ಟೇ ಸಾಲದು, ಅವರದೂ ಬೇಕು. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟರೆ ದೃಢೀಕೃತ ನಕಲು ಸಿಗುತ್ತದೆ. ಎರಡೂ ಜಾಗ ಹಿಂದೆ ಒಂದೇ ಮನೆತನದ್ದಾಗಿದ್ದರೆ ಪಾಲು ಹಂಚಿಕೊಂಡ ವಿಭಾಗಪತ್ರವನ್ನೂ ತೆಗೆಸಿ. ಎಷ್ಟೋ ಸಲ ದಾರಿಯ ಮಾತು ಅದರಲ್ಲಿ ಇದ್ದು, ಆಮೇಲಿನ ಕ್ರಯಪತ್ರಗಳಲ್ಲಿ ಬಿಟ್ಟುಹೋಗಿರುತ್ತದೆ.

ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರದಲ್ಲಿ, ದಾರಿಯ ಕಡೆಯ ಗಡಿಗೆ ಏನು ಬರೆದಿದೆ ನೋಡಿ. ‘ಉಭಯತ್ರರ ಜಂಟಿ ದಾರಿ’ ಎಂದಿದ್ದರೆ ಅದು ಇಬ್ಬರದೂ, ಒಬ್ಬರೇ ಮುಚ್ಚುವಂತಿಲ್ಲ. ಜಾಗ ಅವರದು, ನಿಮಗೆ ಓಡಾಡುವ ಹಕ್ಕು ಎಂದಿದ್ದರೆ ಅವರು ಗೇಟ್ ಹಾಕಿದ್ದೇ ತಪ್ಪಾಗಲಾರದು, ಆದರೆ ಬೀಗ ಜಡಿದು ಕೀಲಿ ಕೊಡದಿದ್ದರೆ ಅದು ಅಡ್ಡಿ. ಹಾಗೆಯೇ, ಓಡಾಡುವ ಹಕ್ಕು ಅಂದಮಾತ್ರಕ್ಕೆ ಅಲ್ಲಿ ವಾಹನ ನಿಲ್ಲಿಸುವ ಹಕ್ಕು ನಿಮಗೂ ಬರುವುದಿಲ್ಲ.

ಪತ್ರಗಳಲ್ಲಿ ಏನೂ ಇಲ್ಲದಿದ್ದರೆ 1882ರ ಈಸ್‌ಮೆಂಟ್ (ಬೇರೆಯವರ ಜಾಗವನ್ನು ದಾರಿಯಂಥದ್ದಕ್ಕೆ ಬಳಸುವ ಹಕ್ಕು) ಕಾಯ್ದೆ ನೋಡಬೇಕು. ಒಂದೇ ಸ್ವತ್ತು ಭಾಗವಾಗಿ ನಿಮ್ಮ ಭಾಗಕ್ಕೆ ಬೇರೆ ದಾರಿಯೇ ಇಲ್ಲದಿದ್ದರೆ 13ನೇ ಸೆಕ್ಷನ್ ಪ್ರಕಾರ ಓಡಾಡುವ ಹಕ್ಕು ಕೇಳಬಹುದು. 20 ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕೆಂದೇ ಓಡಾಡಿದ್ದರೆ 15ನೇ ಸೆಕ್ಷನ್ ಪ್ರಕಾರ. ಇಲ್ಲಿ ‘ಹಕ್ಕೆಂದೇ’ ಅನ್ನುವುದು ಬಹಳ ಮುಖ್ಯ. ಅನುಮತಿ ಪಡೆದು ಎಷ್ಟು ವರ್ಷ ಓಡಾಡಿದರೂ ಈ ಹಕ್ಕು ಹುಟ್ಟುವುದಿಲ್ಲ. ಆದ್ದರಿಂದ ಸೌಜನ್ಯಕ್ಕೆಂದು ‘ದಯವಿಟ್ಟು ನಮಗೆ ಹೋಗಲು ಅವಕಾಶ ಕೊಡಿ’ ಎಂದು ವಾಟ್ಸಾಪ್‌ನಲ್ಲಿ ಬರೆಯಬೇಡಿ. ನಾಳೆ ಅದನ್ನೇ ಕೋರ್ಟಿನಲ್ಲಿ ನಿಮ್ಮ ವಿರುದ್ಧ ಹಾಜರುಪಡಿಸಬಹುದು. ‘ದಾರಿ ಖಾಲಿ ಇಡಿ’ ಎಂದಷ್ಟೇ ಬರೆಯಿರಿ.

ಮುಂದಿನದು ಅಳತೆ. ದಾರಿಯ ಬಾಯಿ, ಅತಿ ಕಿರಿದಾದ ಜಾಗ, ಕೊನೆ, ಹೀಗೆ ಮೂರು ಕಡೆ ಟೇಪು ಹಿಡಿಯಿರಿ. ಮೆಟ್ಟಿಲು, ಗೇಟಿನ ಕಂಬ, ಹೂಕುಂಡ ಬಿಟ್ಟು ವಾಹನಕ್ಕೆ ನಿಜವಾಗಿ ಸಿಗುವ ಅಗಲ ಬರೆದುಕೊಳ್ಳಿ. ಕನ್ನಡಿ ಸೇರಿ ಸಣ್ಣ ಕಾರೇ ಸುಮಾರು ಆರು ಅಡಿ. ಹತ್ತರಲ್ಲಿ ಆರು ಹೋದರೆ ಉಳಿಯುವ ನಾಲ್ಕು ಅಡಿಯಲ್ಲಿ ಬೈಕ್ ದಾಟೀತು, ಆಂಬುಲೆನ್ಸ್ ದಾಟದು. ಟೇಪು ಕಾಣುವಂತೆ, ತಾರೀಖು ಬರುವಂತೆ ಫೋಟೋ ತೆಗೆದಿಡಿ.

ಈಗ ಮಾತಿಗೆ ಕೂರಿ. ಹಳೆಯ ಜಗಳ ಕೆದಕದೆ ಮುಂದಿನ ಏರ್ಪಾಡನ್ನಷ್ಟೇ ಮಾತಾಡಿ: ಸಾಮಾನು ಇಳಿಸಲು ಎಷ್ಟು ನಿಮಿಷ ನಿಲ್ಲಿಸಬಹುದು, ನೆಂಟರ ಗಾಡಿ ಎಲ್ಲಿ, ಗೇಟಿನ ಕೀಲಿ ಎಷ್ಟು, ನೆಲ ಕಿತ್ತುಹೋದರೆ ಖರ್ಚು ಯಾರದು, ಕೆಳಗೆ ಪೈಪ್ ಹಾಕಲು ಅಗೆದವರು ಎಷ್ಟು ದಿನದಲ್ಲಿ ಮುಚ್ಚಬೇಕು. ಗೇಟ್ ಯಾವ ಕಡೆಗೆ ತೆರೆಯುತ್ತದೆ ಅನ್ನುವುದನ್ನೂ ಬರೆಯಿರಿ. ಒಳಕ್ಕೆ ತೆರೆದ ಬಾಗಿಲು ಪಕ್ಕದ ಗೋಡೆಗೆ ಪೂರ್ತಿ ಒರಗದಿದ್ದರೆ ಒಂದಡಿ ಅಗಲ ನುಂಗುತ್ತದೆ. ಒಪ್ಪಿದ್ದನ್ನು ನಕ್ಷೆಯ ಸಮೇತ ನೋಂದಣಿ ಮಾಡಿಸಿ. ಛಾಪಾ ಕಾಗದದಲ್ಲಿ ಬರೆದು ನೋಟರಿ ಮಾಡಿಸಿ ಸುಮ್ಮನಾಗುವುದು ಎಲ್ಲರೂ ಮಾಡುವ ತಪ್ಪು. ಅದು ಇಸಿಯಲ್ಲಿ (ಸ್ವತ್ತಿನ ಋಣಭಾರ ಪ್ರಮಾಣಪತ್ರದಲ್ಲಿ) ಕಾಣುವುದಿಲ್ಲ, ಅವರು ಮನೆ ಮಾರಿದ ದಿನ ಕೊಂಡವರು ‘ನಮಗೆ ಗೊತ್ತೇ ಇರಲಿಲ್ಲ’ ಅನ್ನುತ್ತಾರೆ.

ಮಾತು ಮುರಿದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾವೆ ಹೂಡುವ ಮೊದಲೇ ಲೋಕ ಅದಾಲತ್‌ಗೆ ಒಯ್ಯಬಹುದು. ಇಬ್ಬರೂ ಒಪ್ಪಿ ಆದ ಅವಾರ್ಡಿಗೆ, ಅಂದರೆ ಅಲ್ಲಿನ ತೀರ್ಮಾನಕ್ಕೆ, ಸಿವಿಲ್ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬಲವಿದೆ, ಮೇಲ್ಮನವಿ ಇಲ್ಲ. ಆದರೆ ಅವರು ಇಟ್ಟಿಗೆ, ಮರಳು ತಂದು ಸುರಿದಿದ್ದರೆ ಅಷ್ಟು ಕಾಯಬೇಡಿ. ಅದೇ ವಾರ ವಕೀಲರ ಮೂಲಕ ದಾವೆ ಹಾಕಿ ತಾತ್ಕಾಲಿಕ ತಡೆಯಾಜ್ಞೆ ಕೇಳಿ. ಗೋಡೆ ಎದ್ದ ಮೇಲೆ ಕೆಡವಿಸಲು ಬೇರೆಯೇ ಆದೇಶ ಬೇಕು, ಅದಕ್ಕೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಅವರ ಕಾರಿನ ಗಾಳಿ ಬಿಡುವುದು, ಅಡ್ಡಕ್ಕೆ ನಿಮ್ಮ ಗಾಡಿ ನಿಲ್ಲಿಸುವುದು ಬೇಡವೇ ಬೇಡ. ತಡೆಯಾಜ್ಞೆ ಕೇಳುವವರ ನಡತೆಯನ್ನೂ ಕೋರ್ಟು ನೋಡುತ್ತದೆ.