ಮೂರನೇ ಸೆಮಿಸ್ಟರಿನ ಜಾವಾಕ್ಕೆ ಟ್ಯೂಷನ್ ಬೇಕೇ?

ಸಿ ಭಾಷೆ ಹೇಗೋ ಪಾಸಾಯಿತು, ಜಾವಾದ ಕ್ಲಾಸು (ಅಚ್ಚು), ಆಬ್ಜೆಕ್ಟು (ಆ ಅಚ್ಚಿನಿಂದ ಮಾಡಿದ ವಸ್ತು) ಮಾತ್ರ ತಲೆಗೆ ಹತ್ತುತ್ತಿಲ್ಲ, ಟ್ಯೂಷನ್‌ಗೆ ದುಡ್ಡು ಸುರಿಯಬೇಕೇ ಎಂದು ಕೇಳಿದ್ದೀರಿ. ಸುರಿಯಬಹುದು, ಆದರೆ ಯಾರ ಮುಂದೆ ಎನ್ನುವುದೇ ಪ್ರಶ್ನೆ.

ನಾನು ಭಾನುವಾರಗಳಂದು ಮನೆಯಲ್ಲೇ ಕೆಲವರಿಗೆ ಜಾವಾ ಹೇಳಿಕೊಡುತ್ತೇನೆ. ಬರುವವರ ಲ್ಯಾಬ್ ರೆಕಾರ್ಡ್ ಮುತ್ತಿನಂತಿರುತ್ತದೆ, ಪಾಲಿಮಾರ್ಫಿಸಂನ ವ್ಯಾಖ್ಯೆ ಬಾಯಿಪಾಠವಾಗಿರುತ್ತದೆ. ಉದಾಹರಣೆಯೂ ಅದೇ ಮಾಮೂಲಿಯದು: ಪ್ರಾಣಿ ಎಂಬ ಕ್ಲಾಸು, ಅದರಿಂದ ನಾಯಿ, ಬೆಕ್ಕು. ಆ ನಾಯಿ ಬೊಗಳಿದ್ದರಿಂದ ಯಾರಿಗಾದರೂ ಏನಾದರೂ ಅರ್ಥವಾದದ್ದನ್ನು ನಾನಂತೂ ಕಂಡಿಲ್ಲ.

ಒಮ್ಮೆ ಒಬ್ಬ ಹುಡುಗಿ 'ಸ್ಟ್ರಿಂಗ್ ನೇಮ್' ಎಂದು ಟೈಪ್ ಮಾಡಿದಳು. ಈ ಎರಡರಲ್ಲಿ ಜಾವಾದ ಪದ ಯಾವುದು, ನೀನಿಟ್ಟ ಹೆಸರು ಯಾವುದು ಎಂದು ಕೇಳಿದೆ. "ಎರಡೂ ಜಾವಾದ್ದೇ ಅಲ್ಲವೇ ಸರ್?" ಎಂದಳು. ಸ್ಟ್ರಿಂಗ್ ಜಾವಾದ್ದು, ನೇಮ್ ಅವಳಿಟ್ಟದ್ದು. ಗಂಟು ಇದ್ದದ್ದು ಅಲ್ಲಿ. ಜಾವಾ ಹೆಸರುಗಳಲ್ಲಿ ಕನ್ನಡದಂಥ ಯೂನಿಕೋಡ್ ಅಕ್ಷರಗಳನ್ನೂ ಒಪ್ಪುವುದರಿಂದ, ನೀನಿಡುವ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಬರೆ ಎಂದೆ. ಕ್ಲಾಸಿನ ಹೆಸರು 'ವಿದ್ಯಾರ್ಥಿ', ಒಳಗೆ 'ಹೆಸರು', 'ಅಂಕ'. ಇಂಗ್ಲಿಷಿನಲ್ಲಿ ಉಳಿದದ್ದೆಲ್ಲ ಜಾವಾದ್ದು, ಕನ್ನಡದ್ದೆಲ್ಲ ತನ್ನದು ಎಂದು ಒಂದೇ ನೋಟಕ್ಕೆ ಕಂಡಿತು. (ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಬೇಕು. ಜಾವಾ 18ಕ್ಕಿಂತ ಹಳೆಯದಾದರೆ ಕಂಪೈಲರ್‌ಗೂ ಅದನ್ನು ಹೇಳಬೇಕಾಗಬಹುದು.)

ಮುಂದೆ ಹೀಗೆ ಬರೆಸಿದೆ: 'ಒಬ್ಬ' ಎಂಬ ಹೊಸ ವಿದ್ಯಾರ್ಥಿ, ಅವನ ಅಂಕ 80. ಇನ್ನೊಬ್ಬ = ಒಬ್ಬ. ಇನ್ನೊಬ್ಬನ ಅಂಕ 35. ಈಗ ಒಬ್ಬನ ಅಂಕ ಎಷ್ಟು? 80 ಎಂದಳು, ಪರದೆಯ ಮೇಲೆ 35 ಬಂತು. ಕಾಗದದ ಮೇಲೆ ಒಂದು ಪೆಟ್ಟಿಗೆ, ಅದರತ್ತ ಎರಡು ಬಾಣ ಬರೆದು ತೋರಿಸಿದೆ. ಹೊಸ ಆಬ್ಜೆಕ್ಟು ಮಾಡುವ 'ನ್ಯೂ' ನಡೆದದ್ದು ಒಂದೇ ಸಲ, ಆದ್ದರಿಂದ ಪೆಟ್ಟಿಗೆಯೂ ಒಂದೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳೇ ಕೇಳಿದಳು: "ಎರಡು ಸಲ ನ್ಯೂ ಬರೆದು ಒಳಗೆ ಅದೇ ಹೆಸರು, ಅದೇ ಅಂಕ ತುಂಬಿ == ಹಾಕಿದರೆ ಸುಳ್ಳು ಎಂದು ಬರುತ್ತದೆಯೇ?" ಬರುತ್ತದೆ. == ಕೇಳುವುದು ಎರಡೂ ಒಂದೇ ಪೆಟ್ಟಿಗೆಯೇ ಎಂದು. ಒಳಗಿನದನ್ನು ಹೋಲಿಸುವ 'ಈಕ್ವಲ್ಸ್' ಅನ್ನು ಆ ಕ್ಲಾಸಿಗೆ ನಾವೇ ಬರೆದುಕೊಡುವ ತನಕ ಅದೂ ಸುಳ್ಳೆಂದೇ ಹೇಳುತ್ತದೆ. ಇನ್ಹೆರಿಟೆನ್ಸ್, ಇಂಟರ್‌ಫೇಸ್‌ಗಳನ್ನು ಇದಾದ ಮೇಲೆ ಮುಟ್ಟಿದೆವು.

ದುಡ್ಡು ಕೊಡುವ ಮುನ್ನ ಒಂದು ಕೆಲಸ ಮಾಡಿ. ರೆಕಾರ್ಡ್ ಮುಚ್ಚಿಟ್ಟು ಒಂದು ಸಣ್ಣ ಪ್ರೋಗ್ರಾಂ ನೀವೇ ಟೈಪ್ ಮಾಡಿ, ದೋಷಗಳನ್ನು ಮೇಲಿನಿಂದ ಓದಿ. ಕೆಳಗಿನ ಹತ್ತು ದೋಷಗಳಿಗೆ ಎಷ್ಟೋ ಸಲ ಮೇಲಿನ ಒಂದೇ ಕಾರಣ. ನಲ್ ಪಾಯಿಂಟರ್ (ಯಾವ ಪೆಟ್ಟಿಗೆಯನ್ನೂ ತೋರಿಸದ ಬಾಣ) ಎಂದು ಬಂದರೆ ಹೆದರಬೇಡಿ, ಜಾವಾ 15ರಿಂದೀಚೆಗೆ ಯಾವುದು ನಲ್ ಆಗಿತ್ತೆಂದು ಅದೇ ಹೇಳುತ್ತದೆ.

ಇಷ್ಟಾದರೂ ಟ್ಯೂಷನ್ ಬೇಕೆನಿಸಿದರೆ ಒಂದು ಡೆಮೊ ತರಗತಿಗೆ ಹೋಗಿ ಕೀಬೋರ್ಡ್ ಯಾರ ಕೈಯಲ್ಲಿದೆ ನೋಡಿ. ಅಸೈನ್‌ಮೆಂಟನ್ನು ತಾವೇ ಬರೆದುಕೊಡುತ್ತೇವೆ ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಉಳಿದವರ ಮುಂದೆ ಮೇಲಿನ ಆ ಮೂರು ಸಾಲು ಇಟ್ಟು, 35 ಏಕೆ ಬಂತು ಎಂದು ಕೇಳಿ. ಪೆನ್ನು ನಿಮ್ಮ ಕೈಗೆ ಕೊಟ್ಟು ಚಿತ್ರ ಬರೆಸಿದವರ ಹತ್ತಿರ ಸೇರಿಕೊಳ್ಳಿ.