ಹೋಗೋಕೆ ದಾರಿ ಇದೆ, ವಾಪಸ್ ಬರೋಕೆ?

ವಿಪಿಸಿ (ಕ್ಲೌಡ್‌ನಲ್ಲಿ ನಿಮ್ಮದೇ ಖಾಸಗಿ ನೆಟ್‌ವರ್ಕ್) ಅಂದ್ರೇನು, ಸಬ್‌ನೆಟ್ (ಅದರ ಒಂದು ತುಂಡು) ಅಂದ್ರೇನು ಅಂತ ಈ ಸಲವೂ ಇದಕ್ಕಿಂತ ಜಾಸ್ತಿ ಬರೆಯಲ್ಲ. ಅದು ಗೊತ್ತಿಲ್ಲದೆ, ಬಂದ ವಿನಂತಿಗಳನ್ನು ಸರ್ವರ್‌ಗಳಿಗೆ ಹಂಚೋ ಲೋಡ್ ಬ್ಯಾಲೆನ್ಸರ್‌ಗೆ ಕೈ ಹಾಕಬೇಡಿ, ಅಷ್ಟೇ. ಈ ತಿಂಗಳು ಓದುಗರಿಂದ ಬಂದ ಕ್ಲೌಡ್ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕಾಯಿಲೆ, ಊರಿನ ಹೆಸರು ಮಾತ್ರ ಬೇರೆ. ಬಳ್ಳಾರಿ ಬಿಸಿಲಿಗೆ ತಲೆ ಮೊದಲೇ ಕಾದಿರುತ್ತದೆ, ಅದರ ಮೇಲೆ "ಸರ್, ಎಲ್ಲ ಪೋರ್ಟ್ ಓಪನ್ ಮಾಡಿದೀನಿ, ಆದ್ರೂ ಬರ್ತಿಲ್ಲ" ಅನ್ನೋ ಮೇಲ್ ನೋಡಿದರೆ ನನಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಆದ್ದರಿಂದ ಒಂದು ಪ್ರಶ್ನೆಗೆ ಕೂತು ಉತ್ತರ ಬರೆದಿದ್ದೇನೆ. ಉಳಿದವಕ್ಕೆ ಚುಟುಕಾಗಿ.

ಗಂಗಾವತಿಯಿಂದ: "ಸರ್, ಅಕ್ಕಿ ಗಿರಣಿಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ನೋಡೋ ಸಾಫ್ಟ್‌ವೇರ್ ಮಾಡಿ ಎಡಬ್ಲ್ಯುಎಸ್ (ಅಮೆಜಾನ್ ಕ್ಲೌಡ್) ಮುಂಬೈನಲ್ಲಿ ಇಟ್ಟಿದ್ದೇವೆ. ಭತ್ತದ ಸುಗ್ಗಿಗೆ ಲೋಡ್ ಜಾಸ್ತಿ ಆಗುತ್ತೆ ಅಂತ ಎರಡನೇ ಸರ್ವರ್ ಹಾಕಿ, ಮುಂದೆ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಕೂರಿಸಿದೆವು. ಅವತ್ತಿನಿಂದ ಒಮ್ಮೆ ಓಪನ್ ಆಗ್ತದ, ಒಮ್ಮೆ ಆಗಂಗಿಲ್ಲ. ಒಂದು ಸಿಮ್‌ನಲ್ಲಿ ಬರ್ತದ, ಇನ್ನೊಂದರಲ್ಲಿ ಚಕ್ರ ಸುತ್ತುತ್ತಲೇ ಇರ್ತದ. ಎರಡೂ ಸರ್ವರ್ ಹೆಲ್ತ್ ಚೆಕ್‌ನಲ್ಲಿ (ಸರ್ವರ್ ಬದುಕಿದೆಯಾ ಅನ್ನೋ ಪರೀಕ್ಷೆ) ಹಸಿರು ತೋರಿಸ್ತಾವ. ಸೆಕ್ಯುರಿಟಿ ಗ್ರೂಪ್ ಪೂರ್ತಿ ಓಪನ್ ಮಾಡಿ ನೋಡಿದೆವು. ಡಿಎನ್‌ಎಸ್ (ಹೆಸರಿಗೆ ಐಪಿ ವಿಳಾಸ ಹೇಳೋ ವ್ಯವಸ್ಥೆ) ಹರಡೋಕೆ 48 ಗಂಟೆ ಬೇಕು ಅಂದ್ರು, ನಾಲ್ಕು ದಿನ ಕಾದೆವು. ಏನೂ ಬದಲಾಗಲಿಲ್ಲ."

ಮೊದಲು ಆ ಸೆಕ್ಯುರಿಟಿ ಗ್ರೂಪ್, ಅಂದರೆ ಸರ್ವರ್ ಬಾಗಿಲ ಕಾವಲು, ಮುಚ್ಚಿ. ಈಗಲೇ. ಉತ್ತರ ಆಮೇಲೆ ಓದಿ. ಡೇಟಾಬೇಸ್ ಪೋರ್ಟ್ ಕೂಡ ಲೋಕಕ್ಕೆಲ್ಲ ತೆರೆದಿಟ್ಟಿದ್ದೀರಿ ಅಂತ ನೀವು ಕಳಿಸಿದ ಸ್ಕ್ರೀನ್‌ಶಾಟ್‌ನಲ್ಲೇ ಕಾಣುತ್ತಿದೆ. ನಿಮಗೆ ಇದನ್ನು ಹೇಳಿಕೊಟ್ಟವರು ಯಾರೋ ಗೊತ್ತಿಲ್ಲ, ಆದರೆ ಜ್ವರಕ್ಕೂ ಅದೇ, ಮಂಡಿ ನೋವಿಗೂ ಅದೇ ಅಂತ ಒಂದೇ ಇಂಜೆಕ್ಷನ್ ಚುಚ್ಚೋ ಆರ್‌ಎಂಪಿ ಡಾಕ್ಟರುಗಳು ನಮ್ಮ ಹಳ್ಳಿಗಳಲ್ಲಿ ಇದ್ದಾರಲ್ಲ, ಕ್ಲೌಡ್‌ನಲ್ಲೂ ಇದ್ದಾರೆ. ಅವರ ಇಂಜೆಕ್ಷನ್ ಹೆಸರು 0.0.0.0/0, ಅಂದರೆ ಲೋಕದ ಯಾವ ವಿಳಾಸವಾದರೂ ಸರಿ.

ಆ 48 ಗಂಟೆ ಕತೆಯೂ ಅಷ್ಟೇ. ಒಂದು ಸಲ ಬಂದು ಇನ್ನೊಂದು ಸಲ ಬರದ ಸೈಟ್‌ಗೆ "ಡಿಎನ್‌ಎಸ್ ಹರಡಬೇಕು" ಅನ್ನೋದು, ಗೊತ್ತಿಲ್ಲ ಅಂತ ಹೇಳೋಕೆ ನಾಚಿಕೆ ಪಡೋರು ಹೇಳೋ ಮಾತು.

ಈಗ ನೀವು ಮಾಡಬೇಕಿದ್ದ ಮೊದಲ ಕೆಲಸ. ಲೋಡ್ ಬ್ಯಾಲೆನ್ಸರ್‌ನ ಡಿಎನ್‌ಎಸ್ ಹೆಸರು ತಗೊಂಡು ಎನ್‌ಎಸ್‌ಲುಕಪ್ (ಹೆಸರಿಗೆ ಯಾವ ಐಪಿ ಅಂತ ಹೇಳೋ ಕಮಾಂಡ್) ಹಾಕಿ. ಎರಡು ಐಪಿ ಬರುತ್ತವೆ, ಯಾಕೆಂದರೆ ನೀವು ಎರಡು ಝೋನ್ (ಒಂದೇ ರೀಜನ್‌ನೊಳಗಿನ ಬೇರೆ ಬೇರೆ ಡೇಟಾ ಸೆಂಟರ್ ಗುಂಪು) ಕೊಟ್ಟಿದ್ದೀರಿ ಮತ್ತು ಒಂದೊಂದು ಝೋನ್‌ನಲ್ಲಿ ಒಂದೊಂದು ಕಾಲು ಊರಿ ನಿಂತಿದೆ ಅದು. ಈಗ ಒಂದೊಂದು ಐಪಿಯನ್ನೂ ಬೇರೆ ಬೇರೆಯಾಗಿ ಕರ್ಲ್ ಅನ್ನೋ ಕಮಾಂಡ್‌ನಿಂದ ಬಡಿದು ನೋಡಿ. ಬ್ರೌಸರ್‌ನಲ್ಲಿ ಬೇಡ. ಬ್ರೌಸರ್ ಜಾಣ, ಒಂದು ಐಪಿ ಸತ್ತಿದ್ದರೆ ಇನ್ನೊಂದನ್ನು ತಾನೇ ಹಿಡಿದು ನಿಮ್ಮ ಕಣ್ಣಿಗೆ ಮಣ್ಣೆರಚುತ್ತದೆ. ಕರ್ಲ್‌ನಲ್ಲಿ ನಿಮಗೆ ಕಾಣೋದು ಇಷ್ಟು: ಒಂದು ಐಪಿ ತಕ್ಷಣ 200 (ಎಲ್ಲ ಸರಿ ಅನ್ನೋ ಕೋಡ್) ಕೊಡುತ್ತದೆ, ಇನ್ನೊಂದು ಮಾತೇ ಆಡಲ್ಲ. 403, 502 ಥರದ ಎರರ್ ಕೋಡ್ ಕೂಡ ಅಲ್ಲ, ಬರೀ ಮೌನ, ಕೊನೆಗೆ ಟೈಮ್‌ಔಟ್. ಎರರ್ ಕೋಡ್ ಬಂದರೆ ಆ ಕಡೆ ಯಾರೋ ಇದ್ದಾರೆ ಅಂತ ಅರ್ಥ. ಮೌನ ಬಂದರೆ ಪ್ಯಾಕೆಟ್ ದಾರಿಯಲ್ಲೇ ಕಳೆದಿದೆ ಅಂತ ಅರ್ಥ. ಕಾವಲು ತಡೆದರೂ ಹೀಗೇ ಮೌನ ಇರುತ್ತದೆ, ಆದರೆ ನೀವು ಕಾವಲನ್ನೇ ಕಿತ್ತು ಹಾಕಿದ್ದೀರಲ್ಲ. ಉಳಿದಿದ್ದು ದಾರಿ ಒಂದೇ.

ಸಿಮ್ ಕತೆಗೂ ಇದೇ ಉತ್ತರ. ಒಂದು ಫೋನ್‌ಗೆ ಮೊದಲು ಸಿಕ್ಕಿದ್ದು ಬದುಕಿರೋ ಐಪಿ, ಇನ್ನೊಂದಕ್ಕೆ ಸತ್ತ ಐಪಿ. ಕಂಪನಿಯವರನ್ನು ಬೈದು ಪ್ರಯೋಜನ ಇಲ್ಲ.

ಆಗಿದ್ದು ಏನು ಅಂತ ನಾನು ಇಲ್ಲೇ ಕೂತು ಹೇಳಬಲ್ಲೆ. ನಿಮ್ಮ ಹತ್ತಿರ ಮೊದಲು ಒಂದೇ ಝೋನ್‌ನಲ್ಲಿ ಒಂದೇ ಸಬ್‌ನೆಟ್ ಇತ್ತು. ಈ ಬಗೆಯ ಲೋಡ್ ಬ್ಯಾಲೆನ್ಸರ್ ಕನಿಷ್ಠ ಎರಡು ಝೋನ್ ಕೇಳುತ್ತದೆ. ಕೇಳಿತು ಅಂತ ಅವಸರದಲ್ಲಿ ಇನ್ನೊಂದು ಸಬ್‌ನೆಟ್ ಮಾಡಿದಿರಿ, ಹೆಸರಿಗೆ "ಪಬ್ಲಿಕ್ 2" ಅಂತ ಬರೆದಿರಿ. ಹೆಸರು ಬರೆದರೆ ಸಬ್‌ನೆಟ್ ಪಬ್ಲಿಕ್ ಆಗಲ್ಲ! ಅದರ ರೂಟ್ ಟೇಬಲ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ದಾರಿ ಅನ್ನೋ ಪಟ್ಟಿ) ಇಂಟರ್ನೆಟ್ ಗೇಟ್‌ವೇ ಕಡೆಗೆ ದಾರಿ ಇದ್ದರೆ ಮಾತ್ರ ಅದು ಪಬ್ಲಿಕ್. ನೀವು ಆ ಸಬ್‌ನೆಟ್‌ಗೆ ಯಾವ ಟೇಬಲ್ಲನ್ನೂ ಕಟ್ಟಲಿಲ್ಲ. ಕಟ್ಟದಿದ್ದರೆ ಅದು ಸುಮ್ನೆ ಹೋಗಿ ಮೇನ್ ರೂಟ್ ಟೇಬಲ್‌ಗೆ ಜೋತು ಬೀಳುತ್ತದೆ. ನೀವೇ ಕಟ್ಟಿದ ವಿಪಿಸಿಯ ಮೇನ್ ಟೇಬಲ್‌ನಲ್ಲಿ ಹುಟ್ಟಿದಾಗ ಇರೋದು ಲೋಕಲ್ ಅನ್ನೋ ಒಂದೇ ಸಾಲು, ಅಂದರೆ ವಿಪಿಸಿ ಒಳಗೆ ಓಡಾಡೋಕೆ ಮಾತ್ರ ದಾರಿ.

ಈಗ ನಿಮ್ಮ ಗೊಂದಲದ ಜಾಗಕ್ಕೆ ಬರೋಣ: ಹೆಲ್ತ್ ಚೆಕ್ ಯಾಕೆ ಹಸಿರು? ಯಾಕೆಂದರೆ ಹೆಲ್ತ್ ಚೆಕ್ ಇಂಟರ್ನೆಟ್‌ನಿಂದ ಬರಲ್ಲ. ಲೋಡ್ ಬ್ಯಾಲೆನ್ಸರ್ ವಿಪಿಸಿ ಒಳಗಿನಿಂದಲೇ ನಿಮ್ಮ ಸರ್ವರ್ ಬಾಗಿಲು ತಟ್ಟುತ್ತದೆ, ಆ ಮಾತುಕತೆಗೆ ಲೋಕಲ್ ಸಾಲು ಸಾಕು. ಮನೆಯೊಳಗೆ ಅಡುಗೆಮನೆಯಿಂದ ಪಡಸಾಲೆಗೆ ಕೂಗಿದರೆ ಕೇಳಿಸುತ್ತೆ, ಅದರಿಂದ ಊರಿಗೆ ರಸ್ತೆ ಇದೆ ಅಂತ ಆಗಲ್ಲ ಅಲ್ವಾ? ಗಿರಣಿ ಮಾಲೀಕರ ಫೋನ್‌ಗೆ ಉತ್ತರ ಹೋಗಬೇಕಾದರೆ ಲೋಡ್ ಬ್ಯಾಲೆನ್ಸರ್ ಕೂತಿರೋ ಸಬ್‌ನೆಟ್‌ಗೆ ಹೊರಗಿನ ದಾರಿ ಬೇಕು. ಎರಡನೇ ಝೋನ್‌ನಲ್ಲಿ ಅದಿಲ್ಲ. ಸಂಜೆ ಬಸ್ಸಿಗೆ ಹಳ್ಳಿಗೆ ಹೋಗಿ ಇಳಿದ ಮೇಲೆ ವಾಪಸ್ ಬರೋ ಬಸ್ಸೇ ಇಲ್ಲ ಅಂತ ಗೊತ್ತಾದ ಹಾಗೆ. ಎಲ್ಲರೂ ನೋಡೋದು ಹೋಗೋ ಬಸ್ಸಿನ ಟೈಮು ಮಾತ್ರ.

ಇನ್ನೊಬ್ಬರು ಇದೇ ತೊಂದರೆಗೆ ಫ್ಲೋ ಲಾಗ್ (ಬಂದು ಹೋದ ಟ್ರಾಫಿಕ್‌ನ ದಾಖಲೆ) ತೆಗೆದು, "ಅಕ್ಸೆಪ್ಟ್ ಅಂತ ಇದೆ ಸರ್, ಅಂದ್ರೆ ನಮ್ಮ ಕಡೆ ಸರಿ ಇದೆ" ಅಂತ ವಾದ ಮಾಡಿದರು. ಅಕ್ಸೆಪ್ಟ್ ಅಂದರೆ ಕಾವಲುಗಾರ ಒಳಗೆ ಬಿಟ್ಟ ಅಂತ, ಅಂದರೆ ಸೆಕ್ಯುರಿಟಿ ಗ್ರೂಪ್ ಮತ್ತು ನೆಟ್‌ವರ್ಕ್ ಎಸಿಎಲ್ (ಸಬ್‌ನೆಟ್‌ನ ಕಾವಲು) ಒಪ್ಪಿದವು ಅಂತ. ಉತ್ತರ ಊರು ಮುಟ್ಟಿತು ಅಂತ ಅಲ್ಲ.

ಎರಡನೇ ಸರ್ವರ್ ಎಬ್ಬಿಸುವಾಗಲೇ ಇದು ಗೊತ್ತಾಗಬೇಕಿತ್ತು. ಆ ಸಬ್‌ನೆಟ್‌ನಿಂದ ಒಂದು ಪ್ಯಾಕೇಜ್ ಇಳಿಸೋಕೆ ಹೋಗಿದ್ದರೂ ಅಲ್ಲೇ ನಿಂತುಬಿಡುತ್ತಿತ್ತು. ಆದರೆ ನೀವು ಮೊದಲ ಸರ್ವರ್‌ನ ಇಮೇಜ್ (ಪೂರ್ತಿ ನಕಲು) ತೆಗೆದು ಅದರಿಂದಲೇ ಎರಡನೇದನ್ನು ಎಬ್ಬಿಸಿದ್ದೀರಿ, ಇಳಿಸೋ ಅಗತ್ಯವೇ ಬೀಳಲಿಲ್ಲ. ಇದಲ್ಲದೆ ಲೋಡ್ ಬ್ಯಾಲೆನ್ಸರ್ ಮಾಡುವಾಗ ಆ ಸಬ್‌ನೆಟ್ ಆರಿಸಿದ ಕೂಡಲೇ, ಇದಕ್ಕೆ ಇಂಟರ್ನೆಟ್ ಗೇಟ್‌ವೇ ದಾರಿ ಇಲ್ಲ ಅಂತ ಕನ್ಸೋಲ್‌ನಲ್ಲೇ ಎಚ್ಚರಿಕೆ ಬರುತ್ತದೆ. ಬಂದಿರುತ್ತದೆ. ನೀವು ನೆಕ್ಸ್ಟ್ ಒತ್ತಿರುತ್ತೀರಿ.

ಸರಿ ಮಾಡೋದು ಎರಡು ನಿಮಿಷದ ಕೆಲಸ. ಮೊದಲ ಪಬ್ಲಿಕ್ ಸಬ್‌ನೆಟ್‌ಗೆ ಇರೋ ರೂಟ್ ಟೇಬಲ್ಲನ್ನೇ ಎರಡನೇದಕ್ಕೂ ಕಟ್ಟಿ. ಸರ್ವರ್ ರೀಸ್ಟಾರ್ಟ್ ಬೇಡ, ಲೋಡ್ ಬ್ಯಾಲೆನ್ಸರ್ ಅಳಿಸಿ ಮತ್ತೆ ಮಾಡೋದೂ ಬೇಡ. ಆದರೆ ದಯವಿಟ್ಟು ಮೇನ್ ಟೇಬಲ್‌ನಲ್ಲಿ ಇಂಟರ್ನೆಟ್ ಸಾಲು ಸೇರಿಸಿ ಕೈ ತೊಳೆದುಕೊಳ್ಳಬೇಡಿ. ಅದೂ ಕೆಲಸ ಮಾಡುತ್ತೆ, ಅದೇ ಅದರ ಅಪಾಯ. ನಾಳೆ ಯಾರೋ ಡೇಟಾಬೇಸ್‌ಗೆ ಅಂತ ಹೊಸ ಸಬ್‌ನೆಟ್ ಮಾಡಿ ಟೇಬಲ್ ಕಟ್ಟೋದು ಮರೆತರೆ ಅದು ಯಾರಿಗೂ ಗೊತ್ತಾಗದೆ ಪಬ್ಲಿಕ್ ಆಗಿರುತ್ತದೆ. ನಾನು ಕೈ ಹಾಕಿದ ಎಲ್ಲ ಕಡೆ ಮೇನ್ ಟೇಬಲ್ ಬರಿದಾಗೇ ಇರುತ್ತದೆ. ಮರೆತರೆ ಮುಚ್ಚಿರಬೇಕು, ತೆರೆದಿರಬಾರದು.

ಆಮೇಲೆ, ಬಿಡುವಾದಾಗ, ಸರ್ವರ್‌ಗಳನ್ನು ಪ್ರೈವೇಟ್ ಸಬ್‌ನೆಟ್‌ಗೆ ಸರಿಸಿ. ಪಬ್ಲಿಕ್‌ನಲ್ಲಿ ಲೋಡ್ ಬ್ಯಾಲೆನ್ಸರ್ ಮತ್ತು ನ್ಯಾಟ್ ಗೇಟ್‌ವೇ (ಪ್ರೈವೇಟ್ ಸರ್ವರ್‌ಗಳು ಹೊರಗೆ ಹೋಗೋ ಬಾಗಿಲು) ಇದ್ದರೆ ಸಾಕು. ಸರ್ವರ್‌ನ ಸೆಕ್ಯುರಿಟಿ ಗ್ರೂಪ್‌ನಲ್ಲಿ ಲೋಡ್ ಬ್ಯಾಲೆನ್ಸರ್‌ನ ಸೆಕ್ಯುರಿಟಿ ಗ್ರೂಪ್‌ಗೆ ಮಾತ್ರ ಪ್ರವೇಶ ಕೊಡಿ. ಲೋಡ್ ಬ್ಯಾಲೆನ್ಸರ್ ಇರೋ ಸಬ್‌ನೆಟ್ /27ಕ್ಕಿಂತ (ಒಟ್ಟು 32 ಐಪಿ) ಚಿಕ್ಕದು ಬೇಡ, ಅದರಲ್ಲಿ 8 ಐಪಿಯಾದರೂ ಖಾಲಿ ಇರಲಿ. ಪ್ರತಿ ಸಬ್‌ನೆಟ್‌ನಲ್ಲಿ 5 ಐಪಿ ಎಡಬ್ಲ್ಯುಎಸ್ ತನಗೇ ಇಟ್ಟುಕೊಳ್ಳುತ್ತದೆ ಅನ್ನೋದೂ ಲೆಕ್ಕದಲ್ಲಿರಲಿ.

ಇಷ್ಟೆಲ್ಲ ಯಾಕೆ ಪದೇ ಪದೇ ಆಗುತ್ತೆ ಅಂದರೆ, ಎರಡು ವಾರದಲ್ಲಿ ಕ್ಲೌಡ್ ಕಲಿಸ್ತೀವಿ ಅನ್ನೋರು ಎಲ್ಲವನ್ನೂ ಎಡಬ್ಲ್ಯುಎಸ್ ತಾನೇ ಮಾಡಿಕೊಟ್ಟಿರೋ ಡೀಫಾಲ್ಟ್ ವಿಪಿಸಿಯಲ್ಲೇ ತೋರಿಸುತ್ತಾರೆ. ಆ 172.31.0.0/16 ವಿಪಿಸಿಯ ಮೇನ್ ಟೇಬಲ್‌ನಲ್ಲಿ ಇಂಟರ್ನೆಟ್ ದಾರಿ ಮೊದಲೇ ಹಾಕಿರುತ್ತದೆ. ಅಲ್ಲಿ ಏನು ಮಾಡಿದರೂ ನಡೆಯುತ್ತದೆ. ರೂಟ್ ಟೇಬಲ್ ಅನ್ನೋದು ಒಂದಿದೆ ಅಂತ ವಿದ್ಯಾರ್ಥಿಗೆ ಗೊತ್ತೇ ಆಗಲ್ಲ, ಗೊತ್ತಾಗೋದು ಗಿರಣಿ ಮಾಲೀಕರು ಫೋನ್ ಮಾಡಿ ಬೈದಾಗ.

ಕೊಪ್ಪಳದವರೊಬ್ಬರು ಮೈಕ್ರೋಸಾಫ್ಟ್‌ನ ಕ್ಲೌಡ್ ಅಜ್ಯೂರ್‌ನಲ್ಲಿ ಇದೇ ಕಾಯಿಲೆಯ ಅಣ್ಣನನ್ನು ತಂದಿದ್ದಾರೆ. ಪಬ್ಲಿಕ್ ಲೋಡ್ ಬ್ಯಾಲೆನ್ಸರ್ ಸರಿ ಇತ್ತಂತೆ, ಆಡಿಟ್‌ನವರು ಹೇಳಿದರು ಅಂತ ಸರ್ವರ್ ಸಬ್‌ನೆಟ್‌ನ 0.0.0.0/0 ದಾರಿಯನ್ನು ಫೈರ್‌ವಾಲ್ ಕಡೆಗೆ ತಿರುಗಿಸಿದ ಮೇಲೆ ಸೈಟ್ ನಿಂತಿತಂತೆ. ನಿಲ್ಲಲೇಬೇಕು. ಒಳಗೆ ಬಂದಿದ್ದು ಲೋಡ್ ಬ್ಯಾಲೆನ್ಸರ್ ಬಾಗಿಲಿಂದ, ಉತ್ತರ ಹೋಗ್ತಿರೋದು ಫೈರ್‌ವಾಲ್ ಬಾಗಿಲಿಂದ. ಫೈರ್‌ವಾಲ್ ಆ ಸಂಪರ್ಕದ ಶುರು ನೋಡೇ ಇಲ್ಲ, ಅಪರಿಚಿತ ಅಂತ ಎಸೆಯುತ್ತದೆ. ಒಳಗೆ ಬರೋದನ್ನೂ ಫೈರ್‌ವಾಲ್ ಮೂಲಕವೇ ತನ್ನಿ, ಅದರ ಪಬ್ಲಿಕ್ ಐಪಿ ಮೇಲೆ ಡಿ-ನ್ಯಾಟ್ ನಿಯಮ (ಬಂದದ್ದನ್ನು ಒಳಗಿನ ವಿಳಾಸಕ್ಕೆ ತಿರುಗಿಸೋದು) ಹಾಕಿ. ಅಜ್ಯೂರ್‌ನಲ್ಲಿ ಹೆಲ್ತ್ ಪ್ರೋಬ್ (ಅಲ್ಲಿನ ಹೆಲ್ತ್ ಚೆಕ್) ಬರೋದು 168.63.129.16 ಅನ್ನೋ ವಿಳಾಸದಿಂದ. ಅದನ್ನು "ಯಾರೋ ಹ್ಯಾಕರ್" ಅಂತ ಬ್ಲಾಕ್ ಮಾಡಿದವರ ಮೇಲ್ ಕೂಡ ಬಂದಿದೆ, ಉತ್ತರ ಬರೆಯೋಕೆ ಮನಸ್ಸಾಗಲಿಲ್ಲ.

ಸಿಂಧನೂರು: "ರೂಟ್ ಟೇಬಲ್‌ನಲ್ಲಿ ಯಾವ ಸಾಲು ಮೇಲೆ ಬರಬೇಕು?" ಯಾವುದಾದರೂ ಬರಲಿ. ಜಾಸ್ತಿ ನಿಖರ ಇರೋದೇ ಗೆಲ್ಲುತ್ತೆ, /24 ಮುಂದೆ /16 ನಿಲ್ಲಲ್ಲ (ಅಂಕಿ ದೊಡ್ಡದಾದಷ್ಟೂ ರೇಂಜ್ ಚಿಕ್ಕದು). ನಂಬರಿನ ಕ್ರಮ ನೋಡೋದು ನೆಟ್‌ವರ್ಕ್ ಎಸಿಎಲ್‌ನಲ್ಲಿ.

ಸಂಡೂರು: ಅದಿರು ಲಾರಿಗಳ ವೇಬ್ರಿಜ್ ಫೋಟೋಗಳನ್ನು ಎಡಬ್ಲ್ಯುಎಸ್‌ನ ಫೈಲ್ ಗೋದಾಮು ಎಸ್3ಗೆ ಹಾಕ್ತಾರಂತೆ, ನ್ಯಾಟ್ ಗೇಟ್‌ವೇ ಬಿಲ್ ಸರ್ವರ್ ಬಿಲ್ ದಾಟಿದೆಯಂತೆ. ನ್ಯಾಟ್ ಗೇಟ್‌ವೇ ಗಂಟೆಗೂ ದುಡ್ಡು ಕೇಳುತ್ತೆ, ಹಾದುಹೋದ ಪ್ರತಿ ಜಿಬಿಗೂ ಕೇಳುತ್ತೆ. ಫೋಟೋಗಳನ್ನು ಅದರ ಮೂಲಕ ಕಳಿಸಿದರೆ ಇನ್ನೇನಾಗುತ್ತೆ? ಎಸ್3ಗೆ ಗೇಟ್‌ವೇ ಎಂಡ್‌ಪಾಯಿಂಟ್ (ವಿಪಿಸಿಯಿಂದ ಎಸ್3ಗೆ ನೇರ ದಾರಿ) ಮಾಡಿ ಪ್ರೈವೇಟ್ ರೂಟ್ ಟೇಬಲ್‌ಗೆ ಸೇರಿಸಿ. ಅದಕ್ಕೆ ಬೇರೆ ದುಡ್ಡಿಲ್ಲ. ಇದನ್ನು ಹೇಳದೆ "ಕಾಸ್ಟ್ ಆಪ್ಟಿಮೈಸೇಶನ್" ಅಂತ ನಿಮ್ಮಿಂದ ಫೀಸು ತಗೊಂಡವರ ಹತ್ತಿರ ಆ ದುಡ್ಡು ವಾಪಸ್ ಕೇಳಿ.

ಬಳ್ಳಾರಿ, ಜೀನ್ಸ್ ವ್ಯಾಪಾರ: "ಲೋಡ್ ಬ್ಯಾಲೆನ್ಸರ್‌ನ ಐಪಿಯನ್ನೇ ಡಿಎನ್‌ಎಸ್‌ನ ಎ ರೆಕಾರ್ಡ್‌ನಲ್ಲಿ (ಹೆಸರಿಗೆ ನೇರ ಐಪಿ ಬರೆಯೋ ಸಾಲು) ಹಾಕಿದ್ದೆ, ಮೂರು ವಾರ ಚೆನ್ನಾಗಿತ್ತು." ಆ ಐಪಿಗಳು ಹೇಳದೆ ಕೇಳದೆ ಬದಲಾಗುತ್ತವೆ. ಹೆಸರನ್ನು ಕೊಡಿ, ಐಪಿಯನ್ನಲ್ಲ.

ರಾಯಚೂರು: "ಹೈದರಾಬಾದ್ ನಮಗೆ ಹತ್ತಿರ, ಮುಂಬೈನಿಂದ ಅಲ್ಲಿಗೆ ಶಿಫ್ಟ್ ಆಗೋದು ಒಳ್ಳೇದಾ?" ಬಸ್ಸಿಗೆ ಹತ್ತಿರ. ನಿಮ್ಮ ಪ್ಯಾಕೆಟ್ ಬಸ್ಸಲ್ಲಿ ಹೋಗಲ್ಲ, ನಿಮ್ಮ ಇಂಟರ್ನೆಟ್ ಕಂಪನಿ ಎಲ್ಲಿಂದ ತಿರುಗಿಸುತ್ತೋ ಅಲ್ಲಿಂದ ಹೋಗುತ್ತದೆ. ಅಲ್ಲಿ ಒಂದು ಚಿಕ್ಕ ಸರ್ವರ್ ಎಬ್ಬಿಸಿ, ಬೆಳಿಗ್ಗೆ ಒಂದು ಸಲ ರಾತ್ರಿ ಒಂದು ಸಲ ಅಳೆದು ನೋಡಿ. ಹೈದರಾಬಾದ್ ರೀಜನ್ ಶುರುವಾಗಿದ್ದು 2022ರ ನವೆಂಬರ್‌ನಲ್ಲಿ, ಮುಂಬೈ 2016ರದ್ದು. ನಿಮಗೆ ಬೇಕಾದ ಸರ್ವಿಸ್ ಎಲ್ಲ ಅಲ್ಲಿ ಇವೆಯಾ ಅಂತ ಮೊದಲು ನೋಡಿಕೊಳ್ಳಿ.

ಕೊಪ್ಪಳದಿಂದಲೇ ಇನ್ನೊಂದು: ಎರಡು ವಿಪಿಸಿ, ಎರಡೂ 10.0.0.0/16, ಪೀರಿಂಗ್ (ಎರಡು ವಿಪಿಸಿ ನೇರ ಜೋಡಿಸೋದು) ಆಗ್ತಿಲ್ಲ. ಆಗಲ್ಲ. ಎರಡು ಮನೆಗೂ ಒಂದೇ ಡೋರ್ ನಂಬರ್ ಇಟ್ಟರೆ ಪೋಸ್ಟ್‌ಮ್ಯಾನ್ ಏನು ಮಾಡಬೇಕು? ಇದರಲ್ಲಿ ನಗೋ ಹಕ್ಕು ನನಗಿಲ್ಲ. ನನ್ನ ಮೊದಲ ದೊಡ್ಡ ಕೆಲಸದಲ್ಲಿ ಟೆಸ್ಟ್, ಲೈವ್, ಬ್ಯಾಕಪ್ ಮೂರಕ್ಕೂ ಅದೇ 10.0.0.0/16 ಕೊಟ್ಟಿದ್ದೆ, ಉದಾಹರಣೆಯಲ್ಲಿ ಹಾಗಿತ್ತು ಅಂತ. ಒಂದು ವರ್ಷದ ಮೇಲೆ ಮೂರನ್ನೂ ಸೇರಿಸಿ ಅಂದರು. ಎರಡು ವಿಪಿಸಿ ಮತ್ತೆ ಕಟ್ಟಿದೆ. ಯುಗಾದಿಯ ದಿನ ಮನೆಯವರೆಲ್ಲ ಹೋಳಿಗೆ ತಿನ್ನುವಾಗ ನಾನು ಕರೆಂಟ್ ಹೋದ ರೂಮಿನಲ್ಲಿ ಲ್ಯಾಪ್‌ಟಾಪ್ ಬೆಳಕಿನಲ್ಲಿ ಡೇಟಾಬೇಸ್ ಸಾಗಿಸ್ತಿದ್ದೆ. ಈಗ ಹೊಸ ಕೆಲಸ ಬಂದರೆ ಮೊದಲು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಐಪಿ ಹಂಚಿಕೆ ಬರೀತೀನಿ, ಆಫೀಸಿನ ವಿಪಿಎನ್ ಯಾವ ರೇಂಜ್‌ನಲ್ಲಿದೆ ಅಂತ ಕೇಳ್ತೀನಿ, ಆಮೇಲೇ ಕನ್ಸೋಲ್ ತೆರೆಯೋದು. ಪೀರಿಂಗ್ ಮಾಡಿದ ಮೇಲೆ ಎರಡೂ ಕಡೆ ರೂಟ್ ಬರೆಯಿರಿ. ಎರಡೂ ಕಡೆ. ಮತ್ತೆ ಅದೇ ವಾಪಸ್ ಬಸ್ಸಿನ ಕತೆ.

ಮಾನ್ವಿ: "ದಿನಕ್ಕೆ ನಾಲ್ಕೈದು ಸಲ 502 ಬರುತ್ತೆ, ಲೋಡ್ ಏನೂ ಇಲ್ಲ, ಸರ್ವರ್ ನೋಡ್ ಜೆಎಸ್." ಲೋಡ್ ಬ್ಯಾಲೆನ್ಸರ್ ಸುಮ್ಮನಿರೋ ಸಂಪರ್ಕವನ್ನು 60 ಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ. ನೋಡ್‌ನ ಬಹಳಷ್ಟು ಆವೃತ್ತಿಗಳು 5 ಸೆಕೆಂಡಿಗೇ ಅದನ್ನು ಕತ್ತರಿಸುತ್ತವೆ. ಕತ್ತರಿಸೋ ಕ್ಷಣದಲ್ಲೇ ಹೊಸ ವಿನಂತಿ ಬಂದರೆ 502. ನೋಡ್‌ನಲ್ಲಿ ನಿಮ್ಮ ಕೀಪ್ ಅಲೈವ್ (ಸುಮ್ಮನಿರೋ ಸಂಪರ್ಕ ಹಿಡಿದಿಡೋ) ಅವಧಿಯನ್ನು 65 ಸೆಕೆಂಡ್ ಮಾಡಿ ಎರಡು ದಿನ ನೋಡಿ. ಮೆಮೊರಿ ಜಾಸ್ತಿ ಇರೋ ಸರ್ವರ್ ತಗೊಳ್ಳಿ ಅಂದವರ ಮಾತು ಕೇಳಬೇಡಿ.

ಸಿರುಗುಪ್ಪ: "ಒಂದೇ ಸರ್ವರ್ ಇದೆ, ಸೈಟ್ ನಿಧಾನ. ಲೋಡ್ ಬ್ಯಾಲೆನ್ಸರ್ ಹಾಕಿದರೆ ಫಾಸ್ಟ್ ಆಗುತ್ತಾ?" ಆಗಲ್ಲ.