ಮೇನ್ ಸ್ವಿಚ್ ಇಳಿಸಿದರೆ ಸಾಕೇ?

ಪ್ರಶ್ನೆ: ಹಳೆಯ ಮನೆಯನ್ನು ಕೆಡವಿಸುತ್ತಿದ್ದೇವೆ. ಮೇನ್ ಸ್ವಿಚ್ ಇಳಿಸಿಬಿಟ್ಟರೆ ಕೆಲಸಗಾರರಿಗೆ ಅಪಾಯವಿಲ್ಲವೇ?

ಉತ್ತರ: ಅಷ್ಟು ಸಾಲದು. ಸ್ವಿಚ್ ಇಳಿಸಿದ ಮೇಲೂ ಬೀದಿಯ ಕಂಬದಿಂದ ಮೀಟರಿಗೆ, ಅಲ್ಲಿಂದ ಸ್ವಿಚ್ಚಿನವರೆಗೆ ಬರುವ ತಂತಿಯಲ್ಲಿ 230 ವೋಲ್ಟ್ ವಿದ್ಯುತ್ ಇದ್ದೇ ಇರುತ್ತದೆ. ಗೋಡೆಗೆ ಹಾರೆ ಹಾಕುವವನಿಗೆ ಅದು ಕಾಣುವುದಿಲ್ಲ. ಆದ್ದರಿಂದ ವಿದ್ಯುತ್ ಸರಬರಾಜು ಕಂಪನಿಗೆ ಅರ್ಜಿ ಕೊಟ್ಟು, ಸರ್ವೀಸ್ ತಂತಿಯನ್ನು ಕಂಬದಲ್ಲಿಯೇ ಬಿಡಿಸಬೇಕು. ಕಟ್ಟಡ ಕೆಡವುವ ಕೆಲಸದ ಸುರಕ್ಷತೆಗೆಂದೇ ಇರುವ ಭಾರತೀಯ ಮಾನಕ 4130 ಕೂಡ ಇದನ್ನು ಮೊದಲೇ ಮಾಡಬೇಕೆನ್ನುತ್ತದೆ. ಆಮೇಲೂ ಇನ್ವರ್ಟರ್ ಬ್ಯಾಟರಿ, ಪಕ್ಕದ ಮನೆಯಿಂದ ಎಂದೋ ಎಳೆದುಕೊಂಡ ತಂತಿ (ಇದನ್ನು ಮಾಲೀಕರೇ ಮರೆತಿರುತ್ತಾರೆ) ಇವೆಯೇ ಎಂದು ಪರೀಕ್ಷಿಸಿ. ಛಾವಣಿಯ ಸೌರಫಲಕವಂತೂ ಬಿಸಿಲಿರುವಷ್ಟು ಹೊತ್ತೂ ವಿದ್ಯುತ್ ಉತ್ಪಾದಿಸುತ್ತಲೇ ಇರುತ್ತದೆ. ಕಟರ್, ಡ್ರಿಲ್ಲುಗಳಿಗೆ ಬೇಕಾದ ತಾತ್ಕಾಲಿಕ ಸಂಪರ್ಕವನ್ನು ಕಟ್ಟಡದ ಹೊರಗಿನಿಂದ, 30 ಮಿಲಿಆಂಪಿಯರ್ ಸೋರಿಕೆಗೇ ಕಡಿತಗೊಳ್ಳುವ ಆರ್‌ಸಿಸಿಬಿ ಎಂಬ ಸುರಕ್ಷತಾ ಸ್ವಿಚ್ಚಿನ ಮೂಲಕ ಮಾತ್ರ ಕೊಡಿಸಿ.